ಹಿಮುರೊ ಕೈ

ಏಪ್ರಿಲ್ 4, ಬುಧವಾರ

ದೇವರ ಮಂಟಪಕ್ಕೆ ಬಿಸಿ ಅನ್ನ ಇಟ್ಟು, ಗಂಟೆ ಬಾರಿಸಿ, ನೂರೆಂಟು ಸಲ ಅಮಿದ ಬುದ್ಧನ ಹೆಸರು ಹೇಳಿ ಈಗ ಕೂತಿದ್ದೇನೆ. ಕೆಲಸಕ್ಕೆ ಹೊರಡಲು ಇನ್ನೂ ಮುಕ್ಕಾಲು ಗಂಟೆ ಇದೆ. ಈ ನೋಟುಬುಕ್ಕು ಕಾರ್ಖಾನೆಯದು. ನಿಂತುಹೋದ ಮಾದರಿಯ ತಪಾಸಣೆ ಪಟ್ಟಿಗೆಂದು ಹೊಲಿದದ್ದು, ಹಾಳೆಯ ಹಿಂಬದಿ ಖಾಲಿ ಇದೆ. ಎಸೆಯುವುದಕ್ಕೆ ಇಟ್ಟಿದ್ದರು, ಕೇಳಿ ತಂದುಕೊಂಡೆ.

ಬರೆಯುವುದಕ್ಕೆ ಕಾರಣ ಇದೆ. ನಿನ್ನೆ ಆದದ್ದನ್ನು ಬೇರೆಯವರಿಗೆ ಹೇಳಿದರೆ ಜಂಬ ಆಗುತ್ತದೆ. ಅಮಿದನಿಗೆ ಹೇಳಿದೆ, ಅವನಿಗೆ ಮೊದಲೇ ಗೊತ್ತಿರುತ್ತದೆ. ಇನ್ನು ಉಳಿದದ್ದು ಕಾಗದ.

ನಿನ್ನೆ ನಮ್ಮ ವಿಭಾಗದ ಮುಖ್ಯಸ್ಥರಾದ ಇಸೊಗಾಯಿ ಅವರು ಕರೆದರು. "ಕಿನುಯೋ ಅವರೇ, ಕಂಪನಿಗೆ ನಿಮ್ಮ ಕೈ ಬೇಕಂತೆ" ಅಂದರು.

"ಇದನ್ನ ನಮ್ಮ ಯಜಮಾನ್ರು ಹಿಡಿದು ಇಪ್ಪತ್ತಾರು ವರ್ಷ ಆಯ್ತಲ್ಲ ಸಾರ್, ತಡ ಮಾಡಿದ್ರಿ" ಅಂದೆ. ಆಫೀಸಿನವರೆಲ್ಲ ನಕ್ಕರು.

ವಿಷಯ ಏನೆಂದರೆ, ಕೈನೋಟದ ಕೆಲಸಕ್ಕೆ ಯಂತ್ರ ಬರುತ್ತದೆ. ಹಿಮುರೊ ಕಂಪನಿಯ ದೊಡ್ಡ ಕಾರಿನ ಮೈಗೆ ಬಣ್ಣ ಆದ ಮೇಲೆ ಕಣ್ಣು ಮುಚ್ಚಿ, ತೆಳ್ಳನೆ ಹತ್ತಿಯ ಕೈಗವಸು ಹಾಕಿಕೊಂಡು, ಬಾನೆಟ್ಟಿನಿಂದ ಹಿಂಬಾಗಿಲವರೆಗೆ ಸವರಿ ನೋಡುವವಳು ನಾನು. ಕೂದಲಿನ ಹತ್ತನೇ ಒಂದು ಪಾಲು ತಗ್ಗಿದ್ದರೂ ಬೆರಳಿಗೆ ತಿಳಿಯುತ್ತದೆ. ಇಪ್ಪತ್ತೇಳು ವರ್ಷದಲ್ಲಿ ನಾನು ಬಿಟ್ಟ ಒಂದು ಕಾರೂ, ನನ್ನ ನಂತರ ದೀಪದ ಬೆಳಕು ಬಿಟ್ಟು ಮೈ ನೋಡುವ ದೀಪದ ತಪಾಸಣೆಯಿಂದ ವಾಪಸ್ ಬಂದಿಲ್ಲ. ಯಂತ್ರಕ್ಕೆ ಕಲಿಸಲು ಒಂದು ಕೈ ಬೇಕು, ನನ್ನದನ್ನು ಆರಿಸಿದ್ದಾರೆ. ಜುಲೈ 6ರವರೆಗೆ ಕಲಿಸುವುದು. ಅಂದು ಪಾಠಕ್ಕೆ ಮುದ್ರೆ ಒತ್ತುತ್ತಾರೆ. ಆಮೇಲೆ ಮೂರೂ ಕಾರ್ಖಾನೆಯ ಯಂತ್ರಗಳಿಗೆ ಅದೇ ಕೈ. ನಾನು ಸತ್ತ ಮೇಲೂ ಅದೇ ಕೈ.

ಬೆಟ್ಟದ ಮೇಲಿನ ಹಳ್ಳಿಯಲ್ಲಿ ಒಂಬತ್ತು ಜನರ ತರಗತಿಯಲ್ಲಿ ಕೂತು ಕಲಿತವಳು ನಾನು. ಜಂಬ ಬೇಡ ಕಿನುಯೋ, ಜಂಬ ಬೇಡ.

ಏಪ್ರಿಲ್ 11, ಬುಧವಾರ

ಹತ್ತಿಯದೇ ಹೊಸ ಕೈಗವಸು ಇವತ್ತಿನಿಂದ. ಒಳಗೆ ಜೇಡರ ಬಲೆಯಷ್ಟು ತೆಳ್ಳಗೆ ತಂತಿ. ಅದನ್ನು ಹಾಕಲು ಬಂದವರು ಕುಜುಮಾಕಿ ಅಂತ, ಉತ್ತರದ ಕಡೆಯ ಇಂಜಿನಿಯರ್ ಹೆಂಗಸು, ನಲವತ್ತಕ್ಕೆ ಹತ್ತಿರ. ಮಧ್ಯಾಹ್ನ ಬನ್ನು ತಿನ್ನುತ್ತ ಪರದೆ ನೋಡುತ್ತಾರೆ, ಬನ್ನು ಎಲ್ಲಿಟ್ಟೆ ಅಂತ ಮರೆಯುತ್ತಾರೆ. ಪಾಪ.

ಬೆಳಿಗ್ಗೆ ಗಾಳಿಗೆ ಶೆಡ್ಡಿನ ಬಾಗಿಲಿಂದ ಚೆರಿ ಹೂವಿನ ಎಸಳು ಒಳಗೆ ಹಾರಿ ಬಂದು ಒಂದು ಬಿಳಿ ಕಾರಿನ ಮೇಲೆ ಕೂತವು. ಊದಿ ಹಾರಿಸಿ, ಕಣ್ಣು ಮುಚ್ಚಿ, ಕೈ ಇಟ್ಟೆ. ಇದನ್ನು ಹೇಗೆ ಬರೆಯಲಿ. ಕಬ್ಬಿಣ ಅಂತ ಅನ್ನಿಸುವುದೇ ಇಲ್ಲ. ಹಿಮ ಕರಗುವ ಹೊತ್ತಿಗೆ ನಮ್ಮೂರಿನ ಹೊಳೆಯಲ್ಲಿ ಕೈ ಬಿಟ್ಟರೆ ನೀರು ತಾನೇ ಕೈ ಹಿಡಿದು ಕರೆದುಕೊಂಡು ಹೋಗುವುದಲ್ಲ, ಹಾಗೆ. ಚಕ್ರದ ಮೇಲಿನ ಬಾಗಿನಲ್ಲಿ ನೀರೊಳಗೆ ಸಣ್ಣ ಕಲ್ಲು ಸಿಕ್ಕ ಹಾಗಾಯಿತು. ಹಗ್ಗ ಎಳೆದೆ.

ಹಗ್ಗ ಎಳೆದರೆ ಇಡೀ ಲೈನು ನಿಲ್ಲುತ್ತದೆ, ಜೋಗುಳದ ರಾಗವೊಂದು ಬಾರಿಸುತ್ತದೆ. ನಿಲ್ಲಿಸಿದವರನ್ನು ಯಾರೂ ಬೈಯುವ ಹಾಗಿಲ್ಲ. ಓಡಿ ಬಂದ ಮುಖ್ಯಸ್ಥ ಮೊದಲು ಟೋಪಿ ತೆಗೆದು "ನಿಲ್ಲಿಸಿದ್ದಕ್ಕೆ ಧನ್ಯವಾದ" ಅನ್ನಬೇಕು. ಆಮೇಲೆಯೇ "ಎಲ್ಲಿ?" ಅಂತ ಕೇಳಬೇಕು. ಇದು ಹಿಮುರೊ ಪದ್ಧತಿ. ನಾನು ಹಳದಿ ಮೇಣದ ಕಡ್ಡಿಯಿಂದ ಸುತ್ತು ಹಾಕಿ ತೋರಿಸಿದೆ.

ಕುಜುಮಾಕಿ ಪರದೆ ನೋಡಿ ಕೇಳಿದರು: "ಒಂದು ಪ್ರಶ್ನೆ. ಪ್ರತಿ ಬಾಗಿಲ ಹಿಡಿ ಹತ್ರ ನಿಮ್ಮ ಕೈ ಅರೆ ಸೆಕೆಂಡ್ ನಿಲ್ಲತ್ತೆ. ಅಲ್ಲೇನು ನೋಡ್ತೀರಿ?"

"ಏನಿಲ್ಲ ಮೇಡಂ, ಅಭ್ಯಾಸ."

ಅಲ್ಲಿ ನಾನು ಒಂದು ಸಲ ಅಮಿದನ ಹೆಸರು ಹೇಳುತ್ತೇನೆ. ಒಳಗೆ ಕೂರುವವರು ಯಾರೋ, ಎಲ್ಲಿಗೆ ಹೋಗುವರೋ. ಇದನ್ನೆಲ್ಲ ಇಂಜಿನಿಯರಿಗೆ ಹೇಳುವುದು ಹೇಗೆ.

ಏಪ್ರಿಲ್ 20, ಶುಕ್ರವಾರ

ಜಪಮಾಲೆ ಎಣಿಸಿದರೆ ಇವತ್ತು ನೂರ ಆರೇ ಬಂತು. ಎರಡು ಮಣಿ ಒಟ್ಟಿಗೆ ಜಾರಿರಬೇಕು. ನಿದ್ದೆ ಸಾಲದು. ಈ ಮನೆಗೆ ಬಂದಾಗಿನಿಂದ ದಿನವೂ ನೂರೆಂಟೇ, ಒಂದು ದಿನ ತಪ್ಪಿದ್ದಿಲ್ಲ.

ಮೇ 2, ಬುಧವಾರ

ರಜೆ. ಯಜಮಾನರ ಜೊತೆ ಟ್ಯಾಕ್ಸಿಯಲ್ಲಿ ದೇವಸ್ಥಾನಕ್ಕೆ ಹೋದೆ. ಹಿಮುರೊ ಕಾರು, ಹದಿನೆಂಟು ವರ್ಷದ್ದು. ಡ್ರೈವರ್ ಬಾಯಿ ತುಂಬ ಹೊಗಳಿದ.

"ಅಮ್ಮಾ, ಇದು ಆರು ಲಕ್ಷ ಕಿಲೋಮೀಟರ್ ಓಡಿದೆ. ನನ್ನ ಮೊಣಕಾಲು ಎರಡೂ ಹೋದ್ವು, ಇದರದ್ದು ಒಂದು ಬಾಗಿಲೂ ಸಡಿಲ ಆಗಿಲ್ಲ. ಮುಚ್ಚಿ ನೋಡಿ. ಸದ್ದು ಬಂತಾ? ದೇವರ ಮಂಟಪದ ಬಾಗಿಲು ಮುಚ್ಚಿದ ಹಾಗಿಲ್ವಾ?"

"ಮಾಡಿದೋರೇ ಮಂಟಪ ಮಾಡೋರಲ್ವೇನಯ್ಯ" ಅಂದರು ಯಜಮಾನರು. ಸೋಯಾ ಕಾಳು ಹುದುಗಿಸುವ ಮಿಸೊ ಗೋದಾಮಿನಲ್ಲಿ ಪೀಪಾಯಿಗಳ ಮೇಲೆ ಹೊಳೆಗಲ್ಲು ಪೇರಿಸುವವರು ಅವರು, ಆದರೂ ನಮ್ಮ ಕಂಪನಿಯ ಕಥೆ ಹೇಳಲು ನನಗಿಂತ ಅವರಿಗೇ ಆಸೆ. ದಾರಿಯುದ್ದಕ್ಕೂ ಹೇಳಿದರು: ಹಿಮುರೊ ಕಾನ್‌ಸುಕೆ ಈ ಊರಿನಲ್ಲಿ ಮನೆಮನೆಯ ಮಂಟಪ ಮಾಡುವ ಬಡಗಿ. ಮರಕ್ಕೆ ಮೆರುಗೆಣ್ಣೆ ಬಳಿದು, ಕಣ್ಣು ಮುಚ್ಚಿ ಸವರಿ, ಒಂದು ಕಣ ಸಿಕ್ಕಿದರೂ ಮತ್ತೆ ಉಜ್ಜುತ್ತಿದ್ದ. ಯುದ್ಧದ ಕೊನೆಯ ಬೇಸಿಗೆಯಲ್ಲಿ ಊರೇ ಸುಟ್ಟುಹೋಯಿತು. ಮಂಟಪ ಇಡುವುದಕ್ಕೆ ಮನೆಗಳೇ ಇರಲಿಲ್ಲ. ಉಳಿದ ಮರದಲ್ಲಿ ಕೈಗಾಡಿ ಮಾಡಿ ಕೊಟ್ಟ, ಜನ ತಮ್ಮ ಮನೆಯ ಬೂದಿ ತುಂಬಿಕೊಂಡು ಹೋಗಲಿ ಅಂತ. ಆಮೇಲೆ ಅದಕ್ಕೆ ಇಂಜಿನ್ ಕೂರಿಸಿದ, ಮೂರು ಚಕ್ರ ಆಯಿತು. ಹದಿಮೂರು ವರ್ಷ ಆದ ಮೇಲೆ ನಾಲ್ಕು ಚಕ್ರ.

"ಮೊದಲ ಐವತ್ತು ಕಾರು ವಾಪಸ್ ತಗೊಂಡ್ರಂತಲ್ಲ?" ಅಂದ ಡ್ರೈವರ್.

"ಹೂಂ. ಬಾಗಿಲ ಬಣ್ಣದಲ್ಲಿ ಅಲೆ ಇತ್ತು. ಕೊಂಡವರಿಗೆ ಕಾಣಿಸಿರ್ಲೂ ಇಲ್ಲ. ರೈಲು ಹತ್ತಿ ಐವತ್ತು ಮನೆಗೂ ತಾನೇ ಹೋಗಿ, ಟೋಪಿ ಕೈಲಿ ಹಿಡ್ಕೊಂಡು ತಲೆ ಬಾಗಿಸಿ ಬಂದ."

ಆ ಟೋಪಿ ಈಗಲೂ ಕಂಪನಿಯ ಇತಿಹಾಸ ಭವನದಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಕಂಪನಿಯ ಹೆಸರು ನಿಂತಿರುವುದು ಕಾರಿನ ಮೇಲಲ್ಲ, ಆ ಟೋಪಿಯ ಮೇಲೆ ಅನ್ನುತ್ತಾರೆ.

ಟ್ಯಾಕ್ಸಿ ಇಳಿಯುವಾಗ ಬಾಗಿಲನ್ನು ಸವರಿದೆ. ಹದಿನೆಂಟು ವರ್ಷದ ಹಿಂದೆ ಇದನ್ನೂ ನಾನೇ ಮುಟ್ಟಿರಬೇಕು. ನುಣ್ಣಗಿತ್ತು. ಬಹಳ ನುಣ್ಣಗಿತ್ತು.

ಮೇ 15, ಮಂಗಳವಾರ

ಬೆಳಿಗ್ಗೆ ಸಾರಿನ ಪಾತ್ರೆ ಇಳಿಸಿಟ್ಟು ಊಟಕ್ಕೆ ಕೂತೆ. ಯಜಮಾನರು ನನ್ನ ಕೈ ನೋಡಿ ಚಾಪ್‌ಸ್ಟಿಕ್ ಕೆಳಗಿಟ್ಟರು.

"ಏ ಕಿನು, ಇದೇನೇ ಬೊಬ್ಬೆ?"

ನೋಡಿದರೆ ತೋರುಬೆರಳಿನ ತುದಿಯಲ್ಲಿ ಹುರುಳಿಕಾಳಿನಷ್ಟು ಗುಳ್ಳೆ. "ಬಿಸಿ ಆಗಿರ್ಬೇಕು" ಅಂದೆ.

"ಆಗಿರ್ಬೇಕು ಅಂದ್ರೆ? ಸುಟ್ಟಾಗ ಗೊತ್ತಾಗ್ಲಿಲ್ವಾ?"

"ಅಡುಗೆ ಮಾಡೋ ಕೈಗೆ ಬಿಸಿ ಗೊತ್ತಾಗ್ತಾ ಕೂತ್ರೆ ನಿಮ್ಗೆ ಸಾರು ಯಾರು ಹಾಕ್ತಾರ್ರೀ?"

ಅವರು ನಗಲಿಲ್ಲ. ಕಲ್ಲು ಹೊರುವ ಗಂಡಸರಿಗೆ ಸಣ್ಣದಕ್ಕೆಲ್ಲ ಹೆದರಿಕೆ. ಮಧ್ಯದ ಬೆರಳಿಂದ ಕೆಲಸ ಮಾಡಿದೆ. ತೊಂದರೆ ಆಗಲಿಲ್ಲ.

ಮೇ 24, ಗುರುವಾರ

ಕುಜುಮಾಕಿ ಇವತ್ತು ತುಂಬ ಖುಷಿಯಲ್ಲಿದ್ದರು. ಪರದೆಯ ಮೇಲೆ ಬೆಟ್ಟದ ಸಾಲಿನ ಹಾಗೆ ಗೆರೆಗಳು. ಏಪ್ರಿಲಿನ ಬೆಟ್ಟ ಕುಳ್ಳ, ಈಗಿನದು ಎತ್ತರ.

"ನೋಡಿ, ಈಗ ನೀವು ಮೊದಲಿಗಿಂತ ಎರಡು ಪಟ್ಟು ಒತ್ತಿ ಮುಟ್ತಿದ್ದೀರಿ. ಇದೇನಾ ಗುಟ್ಟು? ಬೇಸಿಗೆಗೆ ಹೀಗೆ ಬದಲಾಯಿಸ್ಬೇಕಾ?"

"ಕೈ ಮಾಗ್ತಾ ಹೋದ ಹಾಗೆ ತೂಕ ಬರತ್ತೆ ಮೇಡಂ" ಅಂದೆ. ಅವರು ಬರೆದುಕೊಂಡರು. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ. ಅಮಿದನೇ ಹೇಳಿಸಿರಬೇಕು.

ಹತ್ತಿಯ ಕೈಗವಸು ಈ ವರ್ಷ ದಪ್ಪ ಬಂದಿದೆ. ಎರಡು ಸಲ ಬದಲಾಯಿಸಿ ಕೇಳಿದೆ. ಅಂಗಡಿ ಒಂದೇ, ನೂಲೂ ಒಂದೇ ಅಂತಾರೆ.

ಜೂನ್ 6, ಬುಧವಾರ

ಮಳೆಗಾಲ ಹಿಡಿಯಿತು. ಬೆಳಗಿನ ಜಾವ ಒಂದು ಕನಸು.

ನಮ್ಮೂರಿನ ಸಿಡರ್ ಕಾಡಿನಿಂದ ಮಂಜಿನೊಳಗೆ ಕಾರುಗಳು ಬರುತ್ತಿವೆ. ಚಾಲಕರಿಲ್ಲ. ಸದ್ದಿಲ್ಲ. ಎಲ್ಲದರ ಬಾಗಿಲೂ ಮಂಟಪದ ಹಾಗೆ ತೆರೆದಿವೆ, ಒಳಗೆ ಒಂದೊಂದು ಸಣ್ಣ ದೀಪ, ಊದುಕಡ್ಡಿಯ ಪರಿಮಳ. ನಾನು ದಾರಿಯ ಪಕ್ಕ ನಿಂತು ಒಂದೊಂದನ್ನೇ ಮುಟ್ಟಿ ಮುಂದೆ ಬಿಡುತ್ತಿದ್ದೇನೆ. ಒಂದು ಬೂದುಬಣ್ಣದ ಕಾರಿನಲ್ಲಿ ನಮ್ಮಮ್ಮ ಕೂತಿದ್ದಾಳೆ. ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದಾಳೆ, ಎರಡೂ ಜೋಡಿಸಿ, ತುದಿ ಆಚೆ ಕಡೆಗೆ ತಿರುಗಿಸಿ. "ಬಾ, ನನ್ನನ್ನೂ ಸರಿ ಇದೀನಾ ಅಂತ ನೋಡು" ಅಂದಳು. ಕೆನ್ನೆ ಮೇಲೆ ಕೈ ಇಟ್ಟೆ. ಕೈಗೆ ಮಂಜು ಬಿಟ್ಟು ಏನೂ ಸಿಗಲಿಲ್ಲ. ಅವಳು ನಗುತ್ತಲೇ ಇದ್ದಳು. ಕಾರು ಹೋಯಿತು. ಚಪ್ಪಲಿ ದಾರಿಯಲ್ಲಿ ಉಳಿಯಿತು.

ಎದ್ದು ಅಮ್ಮನ ಹೆಸರಿಗೆ ಒಂದು ಊದುಕಡ್ಡಿ ಹೆಚ್ಚಿಗೆ ಹಚ್ಚಿದೆ. ಕಡ್ಡಿ ಎರಡು ಸಲ ಕೈಜಾರಿ ಬಿತ್ತು.

ಜೂನ್ 13, ಬುಧವಾರ

ದೀಪದ ತಪಾಸಣೆಯಿಂದ ಒಂದು ಕಾರು ವಾಪಸ್ ಬಂತು. ಎಡಗಡೆಯ ಹಿಂಬಾಗಿಲಲ್ಲಿ ತಗ್ಗು.

ನಾನು ಬಿಟ್ಟ ಮೇಲೆ ಯಾರೋ ತಾಗಿಸಿರಬೇಕು. ಇಲ್ಲ ಅಂದರೆ ತೇವಕ್ಕೆ ಬಣ್ಣ ಕೂತಿರಬೇಕು. ಇಸೊಗಾಯಿ ಅವರು ಬೆನ್ನು ತಟ್ಟಿ, "ಬಿಡಿ, ಇಪ್ಪತ್ತೇಳು ವರ್ಷಕ್ಕೆ ಒಂದು. ದೀಪದೋರಿಗೂ ಸಂಬಳ ಕೊಡ್ತೀವಲ್ಲ, ಅವರಿಗೂ ಏನಾದ್ರೂ ಕೆಲಸ ಬೇಡ್ವಾ?" ಅಂದರು.

ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ.

ಜೂನ್ 17, ಭಾನುವಾರ

ತೊಮೆ ಅಕ್ಕನ ಮನೆಗೆ ಹೋಗಿದ್ದೆ. ನನಗೆ ಕೈನೋಟ ಕಲಿಸಿದವಳು ಅವಳೇ. ಎಪ್ಪತ್ತೇಳಾಯಿತು, ಬಾಯಿ ಮಾತ್ರ ಹದಿನೇಳರದ್ದು. ಅಂಗಳದ ತುಂಬ ಉಪ್ಪಿನಕಾಯಿಗೆ ಹುಳಿಪ್ಲಮ್ ಹಣ್ಣು ಹರಡಿಕೊಂಡು ಬಿದಿರುಕಡ್ಡಿಯಿಂದ ತೊಟ್ಟು ಬಿಡಿಸುತ್ತ ಕೂತಿದ್ದಳು.

"ಬಂದ್ಯಾ, ಯಂತ್ರದ ಗುರುಮಾತೆ? ಕೂತ್ಕೋ. ಕಣ್ಣು ಮುಚ್ಚಿ ಆರ್ಸು. ಪೆಟ್ಟು ಬಿದ್ದಿದ್ದು ಆ ಕಡೆ, ಗಟ್ಟಿದು ಈ ಕಡೆ. ಒಂದು ಮೆತ್ತಗಿರೋದು ಹೋದ್ರೂ ಇಡೀ ಜಾಡಿ ಬೂಸ್ಟು ಹಿಡಿಯತ್ತೆ."

ಮೊದಲು ಕಲಿಯಲು ಬಂದಾಗಲೂ ಹೀಗೇ ಹಣ್ಣು ಕೊಟ್ಟು ಕೂರಿಸಿದ್ದಳು. ಒಂದು ಬುಟ್ಟಿ ಆರಿಸಿ ಕೊಟ್ಟೆ. ಅವಳು ನನ್ನ ಗಟ್ಟಿ ರಾಶಿಯಿಂದ ನಾಲ್ಕು ತೆಗೆದು ಆಚೆ ಇಟ್ಟಳು. ಆಮೇಲೆ ಇನ್ನೂ ಮೂರು. ಪಾಪ, ಅಕ್ಕನಿಗೆ ಕಣ್ಣು ಮಂಜಾಗಿದೆ, ಒಳ್ಳೆಯ ಹಣ್ಣನ್ನೂ ಎಸೆಯುತ್ತಾಳೆ.

ಆಮೇಲೆ ತಾನಾಗಿಯೇ ಹಳೆಯ ಕಥೆ ತೆಗೆದಳು.

"ಆ ಐವತ್ತು ಕಾರಿನ ಕಥೆ ಗೊತ್ತಲ್ಲ ನಿಂಗೆ?"

"ಬಣ್ಣ ಕೆಟ್ಟಿದ್ದು ತಾನೆ?"

"ಏನ್ ಬಣ್ಣ! ಇತಿಹಾಸ ಭವನದ ಹಲಗೆ ಮೇಲೆ ಹಾಗೆ ಬರ್ದಿದಾರೆ ಅಷ್ಟೆ. ನಾನು ಹದಿನೇಳರ ಹುಡುಗಿ, ಅಲ್ಲೇ ಇದ್ದೆ. ಕೆಟ್ಟಿದ್ದು ಮುದುಕನ ಬೆರಳು ಕಣೇ. ನಲವತ್ತು ವರ್ಷ ಮೆರುಗೆಣ್ಣೆ ಸವ್ರಿ ಸವ್ರಿ ಬೆರಳು ಸತ್ತೋಗಿತ್ತು. ಬೇರೆ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಐವತ್ತನ್ನೂ ತಾನೇ ಮುಟ್ಟಿ ಚೆನ್ನಾಗಿದೆ ಅಂದ. ಮುಟ್ಟಿ ಎಲ್ಲಿ ನೋಡ್ದ? ನೆನಪು ಮಾಡ್ಕೊಂಡ ಅಷ್ಟೆ."

"ಅವರಿಗೆ ಗೊತ್ತಾಗ್ಲಿಲ್ವಾ ಅಕ್ಕ?"

"ಗೊತ್ತಾಗ್ದೆ ಇರೋದು ಗೊತ್ತಾಗೋದು ಹೇಗೆ ಹೇಳು. ಒಂದಿನ ಗೊತ್ತಾಯ್ತು. ಅವತ್ತು ದೇವಸ್ಥಾನಕ್ಕೆ ಹೋಗಿ, ಗಂಟೆಯ ಹಳೇ ಹಗ್ಗ ಬೇಡಿ ತಂದು ಶೆಡ್ಡಲ್ಲಿ ನೇತು ಹಾಕ್ದ. ಯಾರಿಗೆ ಅನುಮಾನ ಬಂದ್ರೂ ಎಳೀರಿ, ನನ್ನ ಮೇಲೆ ಬಂದ್ರೂ ಎಳೀರಿ ಅಂದ. ಮೊದಲು ಎಳೆದೋನೂ ಅವನೇ."

ಹೊರಡುವಾಗ ಅಕ್ಕ ನನ್ನ ಬಲಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಬಹಳ ಹೊತ್ತು ಹಿಡಿದಿದ್ದಳು ಅನ್ನಿಸುತ್ತದೆ. ಏನೋ ಬೆರಳ ಮೇಲೆ ಮಾಡುತ್ತಿದ್ದಳು, ನಾನು ಅವಳ ಅಂಗಳದ ಹೂವು ನೋಡುತ್ತಿದ್ದೆ. ಮನೆಗೆ ಬಂದು ನೋಡಿದರೆ ಬೆರಳ ತುದಿಯಲ್ಲಿ ಬಿದಿರುಕಡ್ಡಿ ಚುಚ್ಚಿದ ಹಾಗೆ ಮೂರು ಕೆಂಪು ಚುಕ್ಕೆ. ಹಣ್ಣು ಬಿಡಿಸುವಾಗ ತಾಗಿರಬೇಕು.

ಸತ್ತವರ ಬಗ್ಗೆ ಅಕ್ಕ ಹಾಗೆಲ್ಲ ಮಾತಾಡಬಾರದು. ವಯಸ್ಸು.

ಜೂನ್ 28, ಗುರುವಾರ

ಇವತ್ತು ಪರೀಕ್ಷೆ. ಕುಜುಮಾಕಿ ಇಪ್ಪತ್ತು ಬಾಗಿಲು ಸಾಲಾಗಿ ನಿಲ್ಲಿಸಿದ್ದರು. ದೋಷ ಎಲ್ಲೆಲ್ಲಿದೆ ಅಂತ ಅಳತೆಯ ಯಂತ್ರ ಮೊದಲೇ ಗುರುತಿಸಿ ಇಟ್ಟಿತ್ತು. ನಾನು ಇಪ್ಪತ್ತಕ್ಕೆ ಹದಿನೆಂಟು ಹೇಳಿದೆ.

"ಅದ್ಭುತ!" ಅಂದರು. ಪಕ್ಕದವರೆಲ್ಲ ಚಪ್ಪಾಳೆ.

ಹಿಡಿಯ ಕೆಳಗೆ ಎರಡು ಬೆರಳು ಬಿಟ್ಟು ಅಲೆ ಇದೆ ಅಂದೆ, ಇತ್ತು. ತಗಡು ಒತ್ತುವ ಅಚ್ಚು ಹಳೆಯದಾದರೆ ಅಲ್ಲಿ ಯಾವಾಗಲೂ ಅಲೆ ಬರುತ್ತದೆ. ಮೂಲೆಯಲ್ಲಿ ಉಬ್ಬು ಅಂದೆ, ಇತ್ತು. ಮಳೆಗಾಲದಲ್ಲಿ ಅಲ್ಲಿ ಉಬ್ಬು ಬರುವುದು ಗೊತ್ತಿರುವುದೇ. ತಪ್ಪಿದ ಎರಡು ಬಾಗಿಲಿನಲ್ಲಿ ದೋಷ ಇದ್ದದ್ದು ಎಂದೂ ಬಾರದ ಜಾಗದಲ್ಲಿ.

ಇಲ್ಲಿ ಒಂದು ವಾಕ್ಯ ಬರೆದೆ. ಹೊಡೆದು ಹಾಕಿದೆ.

ಜುಲೈ 3, ಮಂಗಳವಾರ

ನೂರ ಒಂದು.

ಜುಲೈ 5, ಗುರುವಾರ

ಮಂಟಪ ಒರೆಸುವ ದಿನ. ನಮ್ಮ ಮನೆಯ ಮಂಟಪ ಯಜಮಾನರ ಅಜ್ಜನ ಕಾಲದ್ದು, ಹಿಮುರೊ ಅಂಗಡಿಯಲ್ಲೇ ಮಾಡಿಸಿದ್ದು. ಊರು ಸುಟ್ಟ ದಿನ ಅಜ್ಜಿ ಬೆನ್ನಿಗೆ ಕಟ್ಟಿಕೊಂಡು ಹೊಳೆಗೆ ಇಳಿದಿದ್ದಳಂತೆ. ಕಪ್ಪು ಬಾಗಿಲಿನ ಒಳಮೈಯಲ್ಲಿ ಅಂದಿನ ಒಂದು ಕಿಡಿ ತಾಗಿದ ಗುಳಿ ಇದೆ, ಅಕ್ಕಿಕಾಳಿನಷ್ಟು. ಮದುವೆಯಾಗಿ ಬಂದ ದಿನದಿಂದ ಒರೆಸುವಾಗಲೆಲ್ಲ ಅದನ್ನು ಬೆರಳಿಂದ ಮುಟ್ಟಿ ಅಜ್ಜಿಗೆ ಕೈ ಮುಗಿಯುತ್ತೇನೆ.

ಇವತ್ತು ಕಣ್ಣು ಮುಚ್ಚಿ ಮುಟ್ಟಲು ಹೋದೆ. ಗುಳಿ ಸಿಗಲಿಲ್ಲ. ಹುಡುಕಿದೆ. ಮೇಲೆ, ಕೆಳಗೆ. ಎಲ್ಲ ನುಣ್ಣಗಿತ್ತು. ಆ ಟ್ಯಾಕ್ಸಿಯ ಬಾಗಿಲಿನ ಹಾಗೆ, ಅಮ್ಮನ ಕೆನ್ನೆಯ ಹಾಗೆ. ಕಣ್ಣು ಬಿಟ್ಟು ನೋಡಿದರೆ ನನ್ನ ಬೆರಳು ಆ ಗುಳಿಯ ಮೇಲೇ ಇತ್ತು.

ಯಜಮಾನರು ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಕಿನು" ಅಂದರು. ಅಷ್ಟೆ. ಪಕ್ಕದಲ್ಲಿ ಬಂದು ಕೂತರು. ಕಲ್ಲು ಹೊತ್ತು ಒರಟಾದ ಅವರ ಕೈಯನ್ನು ನನ್ನ ಕೈ ಮೇಲೆ ಇಟ್ಟರು. ಅವರ ಕೈ ಅಂತ ಕಣ್ಣಿಗೆ ಕಂಡಿತು.

"ನಾಳೆ ಮುದ್ರೆ ಒತ್ತೋ ದಿನ ರೀ" ಅಂದೆ.

"ಹೂಂ."

"ಮೂರು ಕಾರ್ಖಾನೆಗೂ ಇದೇ ಕೈ."

"ಹೂಂ."

"ನಾನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ. ಇಪ್ಪತ್ತಕ್ಕೆ ಹದಿನೆಂಟು ಹೇಳಿದೀನಿ."

ಅವರು ಎದ್ದು ಹೋಗಿ ಸಾರಿನ ಪಾತ್ರೆಯನ್ನು ತಾವೇ ಇಳಿಸಿದರು.

ಜುಲೈ 6, ಶುಕ್ರವಾರ

ಭಾರಿ ಮಳೆ. ಬಸ್ಸಿನ ಗಾಜಿನ ಮೇಲೆ ನೀರು ಹರಿಯುವುದನ್ನು ನೋಡುತ್ತ ಹೋದೆ. ಈ ಸಲ ನಾಮ ಎಣಿಸಲಿಲ್ಲ, ಸುಮ್ಮನೆ ಹೇಳುತ್ತ ಇದ್ದೆ.

ಮೇಲಿನವರು ನಾಲ್ಕು ಜನ ಕೋಟು ಹಾಕಿಕೊಂಡು ಬಂದಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಕೊನೆಯ ಕಾರು. ಬಿಳಿಯದು. ಏಪ್ರಿಲಿನಲ್ಲಿ ಹೂವಿನ ಎಸಳು ಕೂತಿದ್ದಂಥದೇ. ಕುಜುಮಾಕಿ ಕೈಗವಸಿನ ತಂತಿ ಜೋಡಿಸಿ, "ಇದೊಂದು ಆದ್ರೆ ಮುಗೀತು. ನಿಮ್ಮ ಕೈ ಇನ್ನು ಎಂದೆಂದಿಗೂ ಇರತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಬಾನೆಟ್ಟಿನ ಮೇಲೆ ಕೈ ಇಟ್ಟೆ. ಹೊಳೆ ಇರಲಿಲ್ಲ. ನೀರಿರಲಿಲ್ಲ. ಬಿಳಿ ಮಂಜು ಅಷ್ಟೆ. ಸವರುತ್ತ ಬಾಗಿಲವರೆಗೆ ಬಂದೆ. ಹಿಡಿಯ ಹತ್ತಿರ ನಿಂತು ಅಮಿದನ ಹೆಸರು ಹೇಳಿದೆ. ಒಳಗೆ ಕೂರುವವರು ಯಾರೋ.

ಹಗ್ಗ ಎಳೆದೆ.

ಲೈನು ನಿಂತಿತು. ಜೋಗುಳ ಶುರುವಾಯಿತು. ಇಸೊಗಾಯಿ ಅವರು ಓಡಿ ಬಂದರು. ಕೋಟಿನವರ ಮುಂದೆ ಹೀಗಾಯಿತಲ್ಲ ಅಂತ ಮುಖ ಕೆಂಪಗಾಗಿತ್ತು.

"ಎಲ್ಲಿ? ಎಲ್ಲಿ ಕಿನುಯೋ ಅವರೇ? ಯಾವ ಬಾಗಿಲು?"

ನಾನು ಕೈಗವಸು ತೆಗೆದೆ. ಹಳದಿ ಮೇಣದ ಕಡ್ಡಿ ತೆಗೆದುಕೊಂಡು ಬಲಗೈಯ ಮೂರು ಬೆರಳ ತುದಿಗೆ ಒಂದೊಂದು ಸುತ್ತು ಹಾಕಿದೆ, ತಗಡಿಗೆ ಹಾಕುವ ಹಾಗೆಯೇ. ಕೈ ಚಾಚಿದೆ.

"ಇಲ್ಲಿ ಸಾರ್."

ಅವರಿಗೆ ಅರ್ಥವಾಗಲಿಲ್ಲ. ಕುಜುಮಾಕಿಗೆ ಮೊದಲು ಅರ್ಥವಾಯಿತು. ಅವರು ಪರದೆಯ ಕಡೆ ತಿರುಗಿ ಆ ಎತ್ತರದ ಬೆಟ್ಟಗಳನ್ನೇ ನೋಡುತ್ತ ನಿಂತರು.

"ಜೋಮು ಹಿಡಿದಿದೆ ಸಾರ್. ಇವತ್ತಿನದಲ್ಲ. ನಾನು ಮುಟ್ತಾ ಇರ್ಲಿಲ್ಲ, ನೆನಪು ಮಾಡ್ಕೊತಾ ಇದ್ದೆ. ಯಂತ್ರಕ್ಕೆ ಇದನ್ನ ಕಲಿಸ್ಬೇಡಿ."

ಜೋಗುಳ ಬಾರಿಸುತ್ತಲೇ ಇತ್ತು, ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಕೋಟಿನವರಲ್ಲಿ ಒಬ್ಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಇಸೊಗಾಯಿ ಅವರಿಗೆ, ತಾವು ಮೊದಲು ಹೇಳಬೇಕಾದ ಮಾತನ್ನು ಬಿಟ್ಟು ಎರಡನೆಯದನ್ನು ಕೇಳಿದ್ದು ನೆನಪಾಯಿತು ಅಂತ ಕಾಣುತ್ತದೆ. ಟೋಪಿ ತೆಗೆದರು. ಸೊಂಟ ಬಗ್ಗುವವರೆಗೂ ತಲೆ ಬಾಗಿಸಿದರು.

"ನಿಲ್ಲಿಸಿದ್ದಕ್ಕೆ ಧನ್ಯವಾದ" ಅಂದರು.

ಜುಲೈ 8, ಭಾನುವಾರ

ಜೋಮು ಯಾವಾಗಿನಿಂದ ಅಂತ ಕಂಪನಿಯವರು ಕೇಳಿದ್ದಾರೆ. ಯಾವಾಗಿನಿಂದ ಅಂತ ನನಗೆ ಹೇಗೆ ಗೊತ್ತು ಅಂದಿದ್ದೆ. ಇವತ್ತು ಈ ನೋಟುಬುಕ್ಕನ್ನು ಮೊದಲಿನಿಂದ ಓದಿದೆ. ನಾನೇ ಬರೆದದ್ದು, ಬೇರೆ ಯಾರೋ ಹೆಂಗಸಿನದು ಓದಿದ ಹಾಗಾಯಿತು. ಎಷ್ಟು ಕಡೆ ಎದುರಿಗೇ ಬಂದು ನಿಂತಿದೆ. ಅವಳು ಕೈಗವಸನ್ನು ಬೈಯುತ್ತಾಳೆ, ಮಳೆಯನ್ನು ಬೈಯುತ್ತಾಳೆ, ಅಕ್ಕನ ಕಣ್ಣನ್ನು ಬೈಯುತ್ತಾಳೆ.

ಏಪ್ರಿಲ್ 20, ನೂರ ಆರು.

ತೊಮೆ ಅಕ್ಕನಿಗೆ ಫೋನು ಮಾಡಿ, "ಅವತ್ತು ಕಡ್ಡಿ ಚುಚ್ಚಿದ್ದು ನೀನೇನಾ?" ಅಂದೆ.

"ಮೂರು ಸಲ ಚುಚ್ಚಿದೆ. ನೀನು ನನ್ನ ಹೈಡ್ರಾಂಜಿಯ ಹೂವು ಚೆನ್ನಾಗಿದೆ ಅಂತಿದ್ದೆ."

"ಹೇಳ್ಬಾರ್ದಿತ್ತಾ ಅಕ್ಕ?"

"ಹಗ್ಗ ನಿನ್ನ ಕೈಲಿತ್ತು ಕಣೇ, ನನ್ನ ಕೈಲಿ ಅಲ್ಲ. ಡಾಕ್ಟ್ರ ಹತ್ರ ಯಾವಾಗ ಹೋಗ್ತಿ?"

ಜುಲೈ 14, ಶನಿವಾರ

ಡಾಕ್ಟರು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅಂದರು. ಕೊಯ್ಯಬಹುದು, ಸ್ವಲ್ಪ ಜೀವ ಬರಬಹುದು, ಮೊದಲಿನ ಹಾಗೆ ಬರುವುದಿಲ್ಲ. ಸರಿ.

ಏಪ್ರಿಲ್ 20ರಿಂದ ಈಚೆಗೆ ನಾನು ಬಿಟ್ಟ ಕಾರು ಸುಮಾರು ಎರಡು ಸಾವಿರ. ಎಲ್ಲವನ್ನೂ ಮತ್ತೆ ನೋಡುವುದು ಅಂತ ತೀರ್ಮಾನ. ಬಂದರಿನ ಅಂಗಳದಲ್ಲಿ ನಿಂತವನ್ನು ಸೋಮವಾರದಿಂದ ನೋಡುತ್ತಾರೆ. ಮನೆಗಳಿಗೆ ಹೋದವುಗಳಿಗೆ ಜನ ಹೋಗುತ್ತಾರೆ. ನಾನೂ ಬರುತ್ತೇನೆ ಅಂದೆ. ಕೈ ಇಲ್ಲದಿದ್ದರೆ ಏನು, ದೀಪ ಹಿಡಿಯಬಲ್ಲೆ, ತಲೆ ಬಾಗಿಸಬಲ್ಲೆ. ಯಜಮಾನರು ಮಳೆಗೆ ಅಂತ ಹೊಸ ಟೋಪಿ ತಂದು ಕೊಟ್ಟಿದ್ದಾರೆ.

ಯಂತ್ರದ ಪಾಠವನ್ನೆಲ್ಲ ಅಳಿಸಿದರು. ಕೆಲಸದ ಏಳು ದಿನದ್ದು ಉಳಿಸಿಕೊಂಡಿದ್ದಾರೆ, ಏಪ್ರಿಲ್ 11ರಿಂದ 19ರವರೆಗಿನದು. ಅಷ್ಟು ಸಾಕಾ ಅಂದೆ. ಸಾಲದಿದ್ದರೆ ತೊಮೆ ಅಕ್ಕ ಬರುತ್ತಾಳೆ, "ಸಂಬಳಕ್ಕೆ ಬದ್ಲು ಉಪ್ಪು ಕೊಡ್ಸಿ, ತುಂಬೋ ಜಾಡಿ ಇನ್ನೂ ಎರಡಿದೆ" ಅಂದಿದ್ದಾಳಂತೆ.

ಇವತ್ತು ರಜೆಯಾದರೂ ಕುಜುಮಾಕಿ ಕರೆಸಿದರು. ಶೆಡ್ಡು ಖಾಲಿ. ಮಳೆ ನಿಂತು ಚಾವಣಿಯ ಗಾಜಿನಿಂದ ಬಿಸಿಲು ಬೀಳುತ್ತಿತ್ತು. ಒಂದು ಬಿಳಿ ಕಾರಿನ ಪಕ್ಕ ಯಂತ್ರದ ತೋಳು, ತುದಿಗೆ ಮೆತ್ತನೆಯ ಮೂರು ಬೆರಳು. ಗುಂಡಿ ಒತ್ತಿದರು.

ಅದು ಬಾನೆಟ್ಟಿನ ಮೇಲೆ ಕೈ ಇಟ್ಟಿತು. ಒತ್ತಲಿಲ್ಲ. ಹೊಳೆಯಲ್ಲಿ ಕೈ ಬಿಟ್ಟ ಹಾಗೆ, ನೀರೇ ಕರೆದುಕೊಂಡು ಹೋದ ಹಾಗೆ ಹೋಯಿತು. ಚಕ್ರದ ಬಾಗನ್ನು ಸುತ್ತುವಾಗ ನಾನು ಮಣಿಕಟ್ಟು ತಿರುಗಿಸುವ ರೀತಿಯಲ್ಲೇ ತಿರುಗಿಸಿತು. ಬಾಗಿಲ ಮೇಲೆ ಹರಿದು ಹಿಡಿಯ ಹತ್ತಿರ ಬಂತು. ನಿಂತಿತು.

"ನೋಡಿ, ಈ ಅರೆ ಸೆಕೆಂಡು" ಅಂದರು ಕುಜುಮಾಕಿ. "ಅದಕ್ಕೆ ಅಲ್ಲಿ ಕೆಲಸ ಏನೂ ಇಲ್ಲ. ತೆಗೆದುಬಿಡ್ಲಾ? ದಿನಕ್ಕೆ ಎಷ್ಟೋ ಉಳಿಯತ್ತೆ ಅಂತ ಮೇಲಿನೋರು ಕೇಳ್ತಿದಾರೆ."

"ಅಲ್ಲಿ ನಾನು ದೇವರ ಹೆಸರು ಹೇಳ್ತಿದ್ದೆ ಮೇಡಂ. ಒಳಗೆ ಕೂರೋರಿಗೆ ಅಂತ. ಯಂತ್ರಕ್ಕೆ ಬೇಡ ಅಂದ್ರೆ ತೆಗೀರಿ."

ಅವರು ಏನನ್ನೂ ತೆಗೆಯದೆ ಪರದೆಯನ್ನು ಬಂದ್ ಮಾಡಿದರು. ಬನ್ನು ಎಲ್ಲಿಟ್ಟೆ ಅಂತ ನನ್ನನ್ನು ಕೇಳಿದರು.

ತೋಳು ತನ್ನ ಪಾಡಿಗೆ ಮುಂದಿನ ಬಾಗಿಲಿಗೆ ಹೋಯಿತು. ಮೆತ್ತಗೆ ಸವರಿಕೊಂಡು ಹಿಡಿಯ ಹತ್ತಿರ ಬಂದು ಮತ್ತೆ ನಿಂತಿತು. ಅದರ ಪರವಾಗಿ ನಾನು ಹೇಳಿದೆ.